ವರತಿಯಲ್ಲಿದ್ದ ಕಪ್ಪೆಗಳು

ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿದರೆ ಆ ಹೊತ್ತು ನನಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಆರೋಗ್ಯ ಇಲಾಖೆಯಲ್ಲಿ ಹದಿನೈದು ವರ್ಷ ಕಳೆದವನು ಹೀಗೆ ಹೇಳಿದರೆ ಜನ ನಗುತ್ತಾರೆ. ಅಡಿಗೆಯವನು ತನಗೆ ಒಗ್ಗರಣೆ ವಾಸನೆ ಆಗದು ಅಂದಂತೆಯೇ ಅದು. ಮೊನ್ನೆ ಸಿಂದಗಿಯ ನಮ್ಮ ಓಣಿಯಲ್ಲಿ ಮಳೆಗಾಲ ಬಂತೆಂದು ಗಟಾರದ ಗುಂಟ ಬಿಳಿ ಪುಡಿ ಎರಚಿಕೊಂಡು ಹೋದರು. ಹೆಂಡತಿ ಚಹಾ ತಂದಿಟ್ಟಳು. ನಾನು ಕಿಟಕಿ ಹಾಕಿಕೊಂಡು ಕೂತೇ ಇದ್ದೆ, ಚಹಾ ಆರಿ ಹೋಯಿತು. "ಮತ್ತ ಆ ಹಳ್ಳ ನೆನಪಾತೇನ್ರಿ?" ಎಂದಳು. ಹೌದು, ಅದೇ ಹಳ್ಳ, ಆ ಒಂದು ಮಳೆಗಾಲ.

ನನ್ನ ಮೊದಲ ನೌಕರಿ ಮುಳವಾಡದಿಂದ ಆಚೆಗೆ, ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ನಾನು ಮಾಡಿದ ತಪ್ಪಿಗೆ ಊರಿನ ಹೆಸರು ಯಾಕೆ ಕೆಡಬೇಕು. ಕಾಗದದ ಮೇಲೆ ನಾನು ಕಿರಿಯ ಆರೋಗ್ಯ ಸಹಾಯಕ, ಮಂದಿಯ ಬಾಯಲ್ಲಿ ಮಲೇರಿಯಾ ಸಾಹೇಬ. ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಕುಡಿಯುವ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡುವುದು, ಮನೆ ಮನೆಗೆ ಹೋಗಿ ಹಂಡೆಯಲ್ಲಿ ಸೊಳ್ಳೆಮರಿ ಇದೆಯೇ ಎಂದು ಬ್ಯಾಟರಿ ಬಿಟ್ಟು ನೋಡುವುದು, ಇವು ನನ್ನ ಕೆಲಸ. ವಯಸ್ಸು ಇಪ್ಪತ್ತಾರು. ಹೊಸ ನೌಕರಿಯ ಬಿಸಿ ಮೈಯಲ್ಲಿತ್ತು. ಕಲಿತದ್ದು ಎರಡೇ ವರ್ಷ, ಆದರೆ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಆ ಊರಿನ ನೆಲದೊಳಗಿನ ನೀರು ಸವುಳು. ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಅದನ್ನು ದನಕ್ಕೆ, ಬಳಸಲಿಕ್ಕೆ ಇಟ್ಟುಕೊಂಡು, ಕುಡಿಯಲಿಕ್ಕೆ ಊರ ಕೆಳಗಿನ ಹಳ್ಳಕ್ಕೆ ಹೋಗುತ್ತಿದ್ದರು. ಹಳ್ಳದ ಹರಿಯುವ ನೀರನ್ನೂ ಕುಡಿಯುತ್ತಿರಲಿಲ್ಲ. ದಂಡೆಯ ಉಸುಕಿನಲ್ಲಿ ಚಕ್ಕಡಿ ಗಾಲಿಯಷ್ಟು ಅಗಲ, ತೋಳುದ್ದ ಆಳದ ಒಂದು ಗುಂಡಿ ತೋಡಿ ಸುತ್ತ ಕಲ್ಲು ಜೋಡಿಸಿದ್ದರು. ಅದಕ್ಕೆ ವರತಿ ಎನ್ನುತ್ತಾರೆ. ಉಸುಕಿನೊಳಗಿಂದ ಸೋಸಿಕೊಂಡು ಬರುವ ನೀರು ಅದರಲ್ಲಿ ತುಂಬುತ್ತದೆ. ಹೆಂಗಸರು ತಂಬಿಗೆಯಿಂದ ಎತ್ತೆತ್ತಿ ಕೊಡ ತುಂಬಿಸುತ್ತಾರೆ. ಆ ನೀರಿನ ರುಚಿ ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ.

ಆ ವರತಿಯಲ್ಲೂ ಹಳ್ಳದ ಮಡುಗಳಲ್ಲೂ ಒಂದು ಜಾತಿಯ ಕಪ್ಪೆ ಇತ್ತು. ಮಳೆ ಬಿದ್ದ ಕೂಡಲೇ ಹೊಲದಿಂದ ಎದ್ದು ಬಂದು ಗದ್ದಲ ಹಾಕುವ ದೊಡ್ಡ ಹಳದಿ ಕಪ್ಪೆ ಅಲ್ಲ. ಇದು ಬೆರಳುದ್ದದ್ದು, ಬೂದು ಹಸಿರು ಬಣ್ಣ, ಬೆನ್ನ ಮೇಲೆ ಸಣ್ಣ ಸಣ್ಣ ಗುಳ್ಳೆ, ಹೊಟ್ಟೆ ಬಿಳಿ. ನೀರು ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗುವ ಪೈಕಿ ಅಲ್ಲ. ಕಣ್ಣು ಮೂಗಷ್ಟೇ ಮೇಲಿಟ್ಟು ಕೈಕಾಲು ಚಾಚಿ ತೇಲುತ್ತಿರುತ್ತದೆ. ಹತ್ತಿರ ಹೋದರೆ ಮುಳುಗುವ ಬದಲು ನೀರಿನ ಮೇಲೆಯೇ ಪಟಪಟ ಪುಟಿಯುತ್ತ ಆಚೆ ದಂಡೆ ಸೇರುತ್ತದೆ, ನಾವು ಸಣ್ಣವರಿದ್ದಾಗ ಕೆರೆಗೆ ಅಡ್ಡ ಎಸೆಯುತ್ತಿದ್ದ ಬಿಲ್ಲೆಗಲ್ಲಿನ ಹಾಗೆ. ಗಂಡು ಕೂಗುವಾಗ ಬಾಯಿಯ ಎರಡು ಬದಿಗೆ ಎರಡು ಚೀಲ ಉಬ್ಬುತ್ತವೆ. ದನಿ ಎಣ್ಣೆ ಕಾಣದ ಬಾವಿ ಗಡಗಡೆಯದು, ಹಗಲೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತ ಬಂದಂತೆ ಎಲ್ಲ ಸೇರಿ ಕಡೆಯ ಮಡುವಿನಲ್ಲಿ ಒತ್ತೊತ್ತಾಗಿ ಕೂರುತ್ತವೆ. ಅದೂ ಬತ್ತಿದರೆ ಕಲ್ಲಿನಡಿಯ ಹಸಿ ಕೆಸರು ಹೊಕ್ಕು ಮಳೆಯ ದಾರಿ ಕಾಯುತ್ತವೆ. ಮಳೆ ಬಿದ್ದ ಮೇಲೆ ನಿಂತ ನೀರಿನ ಪಾಚಿಯ ನಡುವೆ ಮೊಟ್ಟೆ ಇಡುತ್ತವೆ, ಉದ್ದ ಬಾಲದ ಮರಿಗಳು ಕಲ್ಲಿನ ಮೇಲಿನ ಪಾಚಿ ಮೇಯುತ್ತ ಬೆಳೆಯುತ್ತವೆ. ಮೈಚರ್ಮ ಎಷ್ಟು ತೆಳುವೆಂದರೆ ನೀರನ್ನೂ ಉಸಿರನ್ನೂ ಅದರಿಂದಲೇ ಒಳಗೆಳೆದುಕೊಳ್ಳುತ್ತವೆ. ಸೊಳ್ಳೆ, ಸೊಳ್ಳೆಮರಿ ಅವುಗಳ ಊಟ. ಅಂದರೆ ನನ್ನ ನೌಕರಿಯ ಅರ್ಧ ಕೆಲಸ ಪಗಾರವಿಲ್ಲದೆ ಅವೇ ಮಾಡುತ್ತಿದ್ದವು. ಇದೆಲ್ಲ ನಾನು ತಿಳಿದುಕೊಂಡದ್ದು ಅವುಗಳನ್ನು ಕೊಂದ ಮೇಲೆ.

ಜೂನಿನ ಮೊದಲ ದೊಡ್ಡ ಮಳೆಗೆ ಹಳ್ಳ ಬಂತು. ಕೆಂಪು ನೀರು ಎರಡು ದಿನ ದಂಡೆ ತುಂಬಿ ಹರಿದು ಇಳಿದಾಗ ವರತಿ ಹೂಳಿನಲ್ಲಿ ಮುಚ್ಚಿ ಹೋಗಿತ್ತು. ಅದನ್ನು ಮತ್ತೆ ತೋಡುವುದು ನೀಲವ್ವನ ಮನೆಯವರ ಪಾಲಿಗೆ ಹಿಂದಿನಿಂದ ಬಂದ ಕೆಲಸ. ನೀಲವ್ವ ಅರವತ್ತರ ಹೆಂಗಸು, ಕುರಿ ಸಾಕುವ ಮನೆತನ, ಗಂಡನಿಲ್ಲ. ಆಕೆ ಸಲಿಕೆ ಹಿಡಿದು ಉಸುಕು ತೆಗೆದಳು, ಕಲ್ಲು ಜೋಡಿಸಿದಳು, ಮೂರು ಸಲ ರಾಡಿ ನೀರು ಎತ್ತಿ ಹೊರಗೆ ಚೆಲ್ಲಿದಳು. ಆಮೇಲೆ ಮೇಲಿನ ಮಡುವಿಗೆ ಹೋಗಿ ಸೆರಗಿನಲ್ಲಿ ಎರಡು ಕಪ್ಪೆ ತಂದು ವರತಿಯಲ್ಲಿ ಬಿಟ್ಟಳು. ತಲೆಯ ಮೇಲೆ ಖಾಲಿ ಕೊಡ ಹೊತ್ತು ನಿಂತಿದ್ದ ಹೆಂಗಸರು ಹಾಗೆಯೇ ಹೊರಳಿ ಹೋದರು. ಕಪ್ಪೆ ಒಂದು ದಿನ ಅದರಲ್ಲಿ ಉಳಿದರೆ ಮಾತ್ರ ಮರುದಿನ ನೀರು ತುಂಬುವುದಂತೆ.

"ಯಾಕ ಆಯಿ, ನಾ ಔಷಧಿ ಹಾಕಿ ಕೊಡ್ತೇನಿ, ಅರ್ಧಾ ತಾಸಿನ್ಯಾಗ ಕುಡೀಬಹುದು," ಎಂದೆ.

"ನಿಮ್ಮ ಪುಡಿ ಮಾತಾಡಂಗಿಲ್ರಿ ಸಾಹೇಬ್ರ. ಇದು ಮಾತಾಡತೈತಿ. ನೀರು ಕೆಟ್ಟಿತ್ತಂದ್ರ ಮೊದಲ ಇದು ಹೊರಗ ಜಿಗೀತೈತಿ, ಇಲ್ಲಾ ಸಾಯ್ತೈತಿ. ಆಗ ನಾವು ಕುಡ್ಯಂಗಿಲ್ಲ."

ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇದಕ್ಕೆ ಉಲ್ಟಾ. ಬಾವಿಯಲ್ಲಿ ಕಪ್ಪೆ ಕಂಡರೆ ಬಾವಿ ಸ್ವಚ್ಛವಿಲ್ಲ ಎಂದು ಬರೆದುಕೊಂಡಿದ್ದೆ. ಮುಂದಿನ ವಾರ ಬಾಗೇವಾಡಿಯ ಮೀಟಿಂಗಿನಲ್ಲಿ ನೀಲವ್ವನ ಮಾತನ್ನು ಆಕೆಯದೇ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ಅದನ್ನು ನೆನೆದರೆ ಈಗ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ನೀಲವ್ವನ ಮನೆಯಲ್ಲಿ ಆ ವರ್ಷ ಸಂತೋಷವಿತ್ತು. ಮಗಳು ಮಾದೇವಿ ಮೊದಲ ಬಸುರಿ. ಇಂಡಿ ಕಡೆಯ ಹೊರ್ತಿಗೆ ಕೊಟ್ಟಿದ್ದರು. ಸೀಮಂತದ ಕುಬಸ ಮಾಡಿಸಿಕೊಂಡು ಹಸಿರು ಬಳೆ ತೊಟ್ಟು ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೂಕ ನೋಡಿಸಿಕೊಳ್ಳಲು ನಮ್ಮ ಉಪಕೇಂದ್ರಕ್ಕೆ ಬಂದಾಗ ನನ್ನನ್ನು ಚೇಷ್ಟೆ ಮಾಡುವಳು. "ಸಾಹೇಬ್ರ, ನಮ್ಮವ್ವನ ಕಪ್ಪಿ ಪಾಸಾದವೋ ನಿಮ್ಮ ಬಾಟಲಿ ಪಾಸಾತೋ?"

ಜುಲೈ ಮುಗಿಯುವಾಗ ಬಾಟಲಿ ಪಾಸಾಗಲಿಲ್ಲ. ನಮ್ಮ ಪರೀಕ್ಷೆ ಸರಳ. ಬಾಟಲಿಗೆ ನೀರು ತುಂಬಿ ಇಟ್ಟು, ಮರುದಿನ ಅದು ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಎಂದರ್ಥ. ಎಡೆಬಿಡದೆ ಮಳೆ ಹಿಡಿದು, ಊರ ಹೊರಗಿನ ಬಯಲೆಲ್ಲ ತೊಳೆದುಕೊಂಡು ಹಳ್ಳಕ್ಕೆ ಇಳಿದಿತ್ತು. ವರತಿಯ ಬಾಟಲಿ ಕಾಡಿಗೆಯಂತೆ ಕಪ್ಪಾಯಿತು. ಅದೇ ದಿನ ಆಚೆ ಊರಿನಲ್ಲಿ ವಾಂತಿಭೇದಿ ಶುರುವಾಗಿದೆ ಎಂದು ಫೋನ್ ಬಂತು. ಎಲ್ಲ ಕುಡಿಯುವ ನೀರಿಗೂ ಕೂಡಲೇ ಬ್ಲೀಚಿಂಗ್ ಹಾಕಬೇಕು ಎಂಬ ಆದೇಶವೂ ಬಂತು.

ಹಾಕಿದ್ದು ತಪ್ಪಲ್ಲ. ಅದನ್ನು ಇವತ್ತಿಗೂ ಹೇಳುತ್ತೇನೆ. ಹಾಕಿದ ರೀತಿ ತಪ್ಪು. ನನ್ನ ಹತ್ತಿರ ಇದ್ದ ಅಳತೆಯ ಪಟ್ಟಿ ಬಾವಿಗಳದು, ಇಷ್ಟು ಅಗಲ ಇಷ್ಟು ಆಳಕ್ಕೆ ಇಷ್ಟು ಪುಡಿ ಎಂದು. ವರತಿಯಂಥ ಸಣ್ಣ ಗುಂಡಿ ಆ ಪಟ್ಟಿಯಲ್ಲೇ ಇರಲಿಲ್ಲ. ಕೂತು ಲೆಕ್ಕ ಹಾಕಿದ್ದರೆ ಒಂದೆರಡು ಚಿಟಿಕೆ ಸಾಕೆಂದು ತಿಳಿಯುತ್ತಿತ್ತು. ಹೆಚ್ಚಾದರೆ ಏನಾದೀತು, ಹುಳ ಸತ್ತಾವು ಎಂದುಕೊಂಡು ನಾಲ್ಕು ಮುಷ್ಟಿ ಸುರಿದೆ. ಅದನ್ನೂ ಸಂಜೆ, ನೀರಿನವರೆಲ್ಲ ಹೋದ ಮೇಲೆ, ಯಾರಿಗೂ ಹೇಳದೆ. ಹೇಳಿದರೆ ನೀಲವ್ವನ ಜೊತೆ ವಾದ ಮಾಡಬೇಕಾಗುತ್ತದಲ್ಲ, ಅದಕ್ಕೆ ನನಗೆ ಬೇಸರ.

ಮುಂಜಾನೆ ಉಪಕೇಂದ್ರದ ಕಟ್ಟೆಯ ಮೇಲೆ ನೀಲವ್ವ ಒಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿ ತುಂಬ ಕಪ್ಪೆ. ಬಿಳಿ ಹೊಟ್ಟೆ ಮೇಲಾಗಿ, ಕಾಲು ಸೆಟೆದು, ಚರ್ಮ ತೊಯ್ದ ಕಾಗದದಂತೆ ಸುಕ್ಕಾಗಿತ್ತು. ವರತಿಯಿಂದ ಸೋರಿ ಹೋದ ನೀರು ಪಕ್ಕದ ಮಡುವಿಗೂ ಸೇರಿ ಅಲ್ಲಿಯವೂ ಸತ್ತಿದ್ದವು. ಬಾಲದ ಮರಿಗಳು ಬುಟ್ಟಿಯ ತಳದಲ್ಲಿ ಅಂಟಿಕೊಂಡಿದ್ದವು.

"ಏನ್ ಹಾಕಿದ್ರಿ?" ಎಂದಳು.

"ಔಷಧಿ, ಆಯಿ."

"ಔಷಧಿ ತಗೊಂಡವ್ರು ಹಿಂಗ ಮಲಗತಾರೇನ್ರಿ?"

ಮಾತು ಊರು ತುಂಬಲು ತಡವಾಗಲಿಲ್ಲ. ಸಾಹೇಬರು ನೀರಿಗೆ ವಿಷ ಹಾಕಿದ್ದಾರೆ. ನಾನು ಕಟ್ಟೆಯ ಹತ್ತಿರ ಎಲ್ಲರನ್ನೂ ಕರೆದು, ವರತಿಯ ನೀರು ತರಿಸಿ ಅವರ ಕಣ್ಣೆದುರಿಗೆ ಒಂದು ಗ್ಲಾಸು ಕುಡಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಆದರೂ ನಕ್ಕು ನಿಂತೆ. ಕೂತಿದ್ದ ಹಿರಿಯರೊಬ್ಬರು ಎಲೆ ಅಡಿಕೆ ಉಗುಳಿ ಬಂದು ಸಾವಕಾಶ ಹೇಳಿದರು, "ಸಾಹೇಬ್ರು ಪಗಾರಕ್ಕ ಕುಡೀತಾರ. ನಾವು ಯಾಕ ಕುಡೀಬೇಕು?" ಎಲ್ಲರೂ ಎದ್ದು ಹೋದರು.

ಆ ವಾರವೇ ಊರಿಗೆ ಒಂದು ಮೈಲು ದೂರದ ಹೊಸ ಕಾಲುವೆಗೆ ಮೊದಲ ಸಲ ನೀರು ಬಿಟ್ಟಿದ್ದರು. ಅದು ಹೊಲದ ನೀರು, ಕುಡಿಯುವ ನೀರಲ್ಲ. ಮೇಲಿನ ಊರುಗಳವರು ಬಯಲುಕಡೆಗೆ ಕೂರುವುದೆಲ್ಲ ಅದರ ದಂಡೆಯ ಮೇಲೆಯೇ, ಮಳೆ ಬೇರೆ ತೊಳೆಯುತ್ತಿತ್ತು. ಆದರೆ ಕಾಲುವೆಯ ಬದಿಯಲ್ಲಿ ಅವೇ ಬೂದು ಹಸಿರು ಕಪ್ಪೆಗಳು ಆಗಲೇ ಬಂದು ಸೇರಿ ಹಗಲೆಲ್ಲ ಕೂಗುತ್ತಿದ್ದವು. "ಅಲ್ಲಿ ಕಪ್ಪಿ ಅದಾವ," ಎಂದರು ಹೆಂಗಸರು. ಕೊಡಗಳೆಲ್ಲ ಆ ಕಡೆ ನಡೆದವು. ಮನುಷ್ಯನನ್ನು ಮಲಗಿಸುವ ರೋಗದ ಹುಳ ಕಪ್ಪೆಯನ್ನು ಏನೂ ಮಾಡುವುದಿಲ್ಲ, ಕಪ್ಪೆಗೆ ಗೊತ್ತಾಗುವುದು ಬೇರೆ ವಿಷ ಎಂದು ನಾನು ಮನೆ ಮನೆಗೆ ಹೋಗಿ ಹೇಳಿದೆ. ಹಿಂದಿನ ದಿನ ಕಪ್ಪೆ ಕೊಂದವನ ಬಾಯಿಂದ ಆ ಮಾತು ಯಾರು ಕೇಳುತ್ತಾರೆ.

ಆ ದಿನವೇ ಇಳಿಹೊತ್ತಿಗೆ ನೀಲವ್ವ ಮತ್ತೆ ಬಂದಳು. ಈ ಸಲ ದನಿ ತಣ್ಣಗಿತ್ತು.

"ಸಾಹೇಬ್ರ, ವರತಿ ನೀರು ಮೂರು ಸಲ ಎತ್ತಿ ಚೆಲ್ಲೇನಿ. ನಾಳೆ ನೀವು ಬರ್ರಿ. ಮ್ಯಾಲಿನ ಮಡುವಿನ್ಯಾಗ ಇನ್ನೂ ಕಪ್ಪಿ ಅದಾವ. ನಿಮ್ಮ ಕೈಯಿಂದ ಹಿಡದು ವರತ್ಯಾಗ ಬಿಡ್ರಿ. ಊರು ನೋಡ್ಲಿ. ಆಮ್ಯಾಲ ಎಲ್ಲಾರೂ ಕುಡೀತಾರ."

"ನಾನೇನು ಕಪ್ಪಿ ಹಿಡ್ಯಾಂವೇನ್ ಆಯಿ? ಸರಕಾರಿ ನೌಕರ ನಾನು."

ಆಕೆ ನನ್ನ ಮುಖ ನೋಡಿದಳು. "ಆತು ಬಿಡ್ರಿ," ಎಂದು ಎದ್ದು ಹೋದಳು.

ನನ್ನ ತಲೆಯಲ್ಲಿ ಇದ್ದದ್ದು ಮೀಟಿಂಗು. ನಾನೇ ಹೇಳಿ ನಗಿಸಿದ ಕಥೆಯಲ್ಲಿ ನಾನೇ ಸೆರಗಿನ ಬದಲು ಟವೆಲ್ಲಿನಲ್ಲಿ ಕಪ್ಪೆ ಹೊತ್ತು ಹೊರಟ ಸುದ್ದಿ ಬಾಗೇವಾಡಿ ಮುಟ್ಟಿದರೆ ಮುಖ ಎಲ್ಲಿಡಲಿ. ಬಾಯಾರಿದರೆ ತಾವೇ ಬರುತ್ತಾರೆ, ಒಂದು ಮೈಲು ಎಷ್ಟು ದಿನ ಹೊರುತ್ತಾರೆ ಎಂದುಕೊಂಡೆ. ಮರುದಿನ ಸುಮ್ಮನಿದ್ದೆ. ಅದರ ಮರುದಿನವೂ ಸುಮ್ಮನಿದ್ದೆ. ವಾಸನೆ ಹೋಗಿ, ತಳದ ಉಸುಕಿನ ಕಣ ಎಣಿಸುವಷ್ಟು ತಿಳಿಯಾಗಿ ವರತಿ ತುಂಬಿ ನಿಂತಿತ್ತು. ಬಾಟಲಿ ತುಂಬಿ ಇಟ್ಟೆ, ಕಪ್ಪಾಗಲಿಲ್ಲ. ಇಡೀ ತಾಲೂಕಿನಲ್ಲಿ ಅಷ್ಟು ಒಳ್ಳೆಯ ನೀರು ಆ ಎರಡು ದಿನ ಬೇರೆಲ್ಲೂ ಇರಲಿಲ್ಲವೇನೋ. ಒಂದು ಕೊಡವೂ ಬರಲಿಲ್ಲ.

ಮೂರನೆಯ ದಿನ ಮುಂಜಾನೆ ಮೊದಲ ಮನೆಯಿಂದ ಕರೆ ಬಂತು. ಮಧ್ಯಾಹ್ನದ ಹೊತ್ತಿಗೆ ಊರ ಶಾಲೆಯ ಕೋಣೆ ತುಂಬಿತು. ಕಿಟಕಿಯ ಸರಳಿಗೆ ಸಲಾಯಿನ್ ಬಾಟಲಿ ಕಟ್ಟಿದೆವು. ಉಪಕೇಂದ್ರದ ನರ್ಸ್ ಅಕ್ಕನವರು ಒಬ್ಬರಾದ ಮೇಲೊಬ್ಬರಿಗೆ ಸೂಜಿ ಚುಚ್ಚುತ್ತಿದ್ದರು, ನಾನು ಉಪ್ಪು ಸಕ್ಕರೆಯ ನೀರು ಕಲೆಸಿ ಕುಡಿಸುತ್ತಿದ್ದೆ. ಕಲೆಸಿದ್ದು ಕುದಿಸಿ ಆರಿಸಿದ ವರತಿಯ ನೀರಿನಲ್ಲಿ. ಆಗ ಯಾರೂ ಬೇಡ ಅನ್ನಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾದೇವಿಯನ್ನು ಹೊತ್ತು ತಂದಾಗ ಕಣ್ಣು ಗುಳಿಬಿದ್ದಿದ್ದವು, ಕೈ ತಣ್ಣಗಾಗಿತ್ತು, ಹಸಿರು ಬಳೆ ಮುಂಗೈಯಲ್ಲಿ ಸಡಿಲಾಗಿ ಜಾರುತ್ತಿದ್ದವು. ನಾಡಿ ಸಿಗಲು ಹೊತ್ತು ಹಿಡಿಯಿತು. ಅಂಬುಲೆನ್ಸು ಡಾಂಬರು ರಸ್ತೆಯಲ್ಲೇ ನಿಂತಿತು. ಊರಿಗೆ ಬರುವ ದಾರಿ ಎರೆ ಮಣ್ಣಿನದು, ಮಳೆಯಲ್ಲಿ ಗಾಲಿ ತಿರುಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಕಿ ಮಲಗಿಸಿ, ಬಾಟಲಿಯನ್ನು ನಾನು ಎತ್ತಿ ಹಿಡಿದು ನಿಂತು ರಸ್ತೆಯ ತನಕ ಹೋದೆವು. ನೀಲವ್ವ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಾಗೇವಾಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಹುಡುಕಿದರು. ಜಾಗ ಬದಲಿಸಿ ಹುಡುಕಿದರು. ಆಮೇಲೆ ಯಂತ್ರ ತೆಗೆದು ಕೈ ತೊಳೆಯಲು ಹೋದರು. ಮಾದೇವಿ ಉಳಿದಳು. ಕೂಸು ಹೆಣ್ಣಾಗಿತ್ತು.

ಮರುದಿನ ನಾನು ಒಬ್ಬನೇ ಮೇಲಿನ ಮಡುವಿಗೆ ಹೋದೆ. ಲಸಿಕೆ ಒಯ್ಯುವ ನೀಲಿ ಡಬ್ಬಿಯನ್ನು ಖಾಲಿ ಮಾಡಿ ತೊಳೆದು ಹೆಗಲಿಗೆ ಹಾಕಿಕೊಂಡಿದ್ದೆ. ಆ ಕಪ್ಪೆ ಹಿಡಿಯುವುದು ಸುಲಭವಲ್ಲ. ಕೈ ಚಾಚುವ ಮೊದಲೇ ನೀರಿನ ಮೇಲೆ ಪುಟಿದು ಆಚೆ ಹೋಗುತ್ತವೆ, ಅಲ್ಲಿಗೆ ಹೋದರೆ ಈಚೆ ಬರುತ್ತವೆ. ಎರಡು ಸಲ ಜಾರಿ ಬಿದ್ದೆ. ಪ್ಯಾಂಟು ಸೊಂಟದ ತನಕ ಕೆಸರಾಯಿತು. ತೊಗರಿಯ ಕಳೆ ತೆಗೆಯಲು ಹೊರಟವರು ದಂಡೆಯ ಮೇಲೆ ನಿಂತು ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಡೆಗೆ ಟವೆಲ್ ಬಲೆಯ ಹಾಗೆ ಹಾಸಿ ನಾಲ್ಕು ಕಪ್ಪೆ ಹಿಡಿದೆ. ಅಂಗೈಯಲ್ಲಿ ಒಂದನ್ನು ಹಿಡಿದಾಗ ಅದರ ಗಂಟಲು ಮಿಡಿಯುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಎಲ್ಲರ ಮುಂದೆ ತಂದು ವರತಿಯಲ್ಲಿ ಬಿಟ್ಟೆ. ಹೆಂಗಸರು ಒಂದು ದಿನ ಕಾದರು. ನಾಲ್ಕೂ ಕಣ್ಣು ಮೇಲಿಟ್ಟು ತೇಲುತ್ತಿದ್ದವು. ಕೊಡಗಳು ಹಿಂದಕ್ಕೆ ಬಂದವು. ಅವತ್ತಿನಿಂದ ಪುಡಿಯನ್ನು ವರತಿಗೆ ಹಾಕಲಿಲ್ಲ. ತಿಳಿ ಮಾಡಿದ ಔಷಧದ ಹನಿಗಳನ್ನು ಅಳತೆ ಮಾಡಿ ತುಂಬಿದ ಕೊಡಕ್ಕೆ ಹಾಕಿದೆ, ಹಾಕುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಿ ಹಾಕಿದೆ. ಬೇಡ ಅಂದವರು ಕಡಿಮೆ. ಇಷ್ಟು ಸರಳವಾಗಿತ್ತು ಕೆಲಸ.

ಎರಡು ವಾರದ ಮೇಲೆ ನೀಲವ್ವ ಮಗಳನ್ನು ಕರೆದುಕೊಂಡು ಊರಿಗೆ ಬಂದಳು. ಮರುದಿನ ಮುಂಜಾನೆ ವರತಿಗೆ ಬಂದಾಗ ನಾನು ಅಲ್ಲೇ ಇದ್ದೆ. ಉಳಿದ ಹೆಂಗಸರು ಹೋಗುವ ತನಕ ಆಕೆ ಕಲ್ಲಿನ ಮೇಲೆ ಕೂತು ನೀರು ನೋಡುತ್ತಿದ್ದಳು.

"ಯಾರು ಬಿಟ್ರು ಕಪ್ಪಿ?"

"ನಾನ ಬಿಟ್ಟೇನಿ, ಆಯಿ." ಎಷ್ಟೋ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದರ ಹಿಂದೆಯೇ ಬಂತು. "ನೀ ಕರೆದ ದಿನ ಬಂದಿದ್ರ ಕೂಸು ಉಳೀತಿತ್ತು. ನನ್ನ ಸೊಕ್ಕಿಗೆ ಹೋತು."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು. ಆಕೆ ತಂಬಿಗೆಯನ್ನು ಮಗುಚಿ ಇಟ್ಟಳು.

"ನಲವತ್ತು ವರ್ಷ ಈ ಹಳ್ಳದಾಗ ಕಪ್ಪಿ ಹಿಡದಾಕಿ ನಾ. ನಿಮ್ಮನ್ನ ಯಾಕ ಕೇಳಬೇಕಾಗಿತ್ತು? ನೀವು ಒಲ್ಲೆ ಅಂದ ಮ್ಯಾಲ ನಾನ ಹೋಗಿ ನಾಕು ತಂದು ಬಿಟ್ಟಿದ್ರ ಮುಗೀತಿತ್ತು. ಊರು ನನ್ನ ಮಾತು ಕೇಳ್ತಿತ್ತು. ಬಿಡಲಿಲ್ಲ. ಕೊಂದವರ ಕಪ್ಪಿ ತಂದು ಬಿಡಲಿ, ಊರ ಮುಂದ ಬಗ್ಗಲಿ ಅಂತ ಕುಂತೆ."

ಆಕೆ ಸೆರಗಿನಿಂದ ಕಲ್ಲಿನ ಮೇಲಿನ ಉಸುಕು ಒರೆಸಿದಳು.

"ಮಾದೇವಿ ಕಾಲುವಿ ನೀರು ಬ್ಯಾಡ ಅಂದಿದ್ಲು. ಸಾಹೇಬ್ರು ಹೇಳ್ಯಾರವ್ವಾ, ಅಂದ್ಲು. ನಾ ಬೈದು ಕುಡಿಸೇನಿ. ಕಪ್ಪಿ ಬಿಡದ ಹಟಾ ಹಿಡದು ಕುಂತದ್ದನ್ನ ಅಕಿ ಮುಂದ ಹೇಳಾಕ ನನಗ ಬಾಯಿ ಬರವಲ್ದು. ನೀವು ಕಲ್ತವ್ರು. ಯಾವಾಗರ ನೀವ ಹೇಳ್ರಿ, ನನ್ನದೂ ನಿಮ್ಮದೂ ಎರಡೂ."

"ಹೇಳ್ತೇನಿ ಆಯಿ," ಎಂದೆ.

ಹೇಳಲಿಲ್ಲ. ಮುಂದಿನ ವರ್ಷ ಮುದ್ದೇಬಿಹಾಳಕ್ಕೆ ವರ್ಗವಾಯಿತು, ಅಲ್ಲಿಂದ ಇಂಡಿಗೆ. ಇಂಡಿಯಲ್ಲಿದ್ದಾಗ ಹೊರ್ತಿಗೆ ಹೋಗುವ ಕೆಲಸ ಬೀಳುತ್ತಿತ್ತು. ಮಾದೇವಿ ಅಲ್ಲಿ ಅಂಗನವಾಡಿ ನಡೆಸುತ್ತಿದ್ದಳು, ಈಗಲೂ ನಡೆಸುತ್ತಾಳೆ. ಆಮೇಲೆ ಎರಡು ಮಕ್ಕಳಾಗಿದ್ದವು. ಹೋದಾಗೆಲ್ಲ ಚಹಾ ಮಾಡುತ್ತಿದ್ದಳು, ತಾಯಿಯ ಸುದ್ದಿ ಹೇಳುತ್ತಿದ್ದಳು. ಒಮ್ಮೆ ಬಸುರಿಯರ ಸಭೆಯಲ್ಲಿ ಆಕೆ ಹೇಳಿದ್ದು ಕೇಳಿದೆ. "ನೀರಿನ ವಿಷಯದಾಗ ಯಾರ ಮಾತೂ ಕೇಳಬ್ಯಾಡ್ರಿ. ನಾ ತಿಳದು ತಿಳದು ಕಾಲುವಿ ನೀರು ಕುಡದು ಹೊಟ್ಟ್ಯಾಗಿನ ಕೂಸು ಕಳಕೊಂಡಾಕಿ. ನನ್ನ ಕೈಯಾರೆ ಕಳಕೊಂಡೆ." ಸಭೆ ಮುಗಿದ ಮೇಲೆ ಹೇಳಬೇಕೆಂದು ನಿಂತೆ. ಆಕೆ ರಜಿಸ್ಟರ್ ತಂದು ಮುಂದಿಟ್ಟಳು, ನಾನು ಸಹಿ ಮಾಡಿ ಬಂದೆ.

ನೀಲವ್ವ ಈ ಬೇಸಿಗೆಯಲ್ಲಿ ತೀರಿಕೊಂಡಳು. ಇನ್ನು ಆ ಮಾತು ಹೇಳಬೇಕಾದವನು ನಾನೊಬ್ಬನೇ ಉಳಿದಿದ್ದೇನೆ. ಎದುರಿಗೆ ನಿಂತು ಹೇಳುವ ಧೈರ್ಯ ಹದಿನೈದು ವರ್ಷಕ್ಕೂ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾದೇವಿ, ನಿನ್ನ ಕೈಯಾರೆ ಏನೂ ಆಗಿಲ್ಲ ತಂಗಿ. ಒಬ್ಬರು ಬಗ್ಗಲಿ ಎಂದು ಇನ್ನೊಬ್ಬರು ಕಾದೆವು, ನಾನು ಮತ್ತು ನಿಮ್ಮವ್ವ, ಎರಡು ದಿನ.